ಅಂಪೈರ್, ಪಂಚ, ತೀರ್ಪುಗಾರ: ಒಂದು ಪದವಿಚಾರ

(ಶಹಾಡ್‌ನಲ್ಲಿ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂಥ ಸಭೆಗಳಲ್ಲಿ ಮಾತನಾಡುವವರು ಸಾಮಾನ್ಯವಾಗಿ ವಚನ ಸಾಹಿತ್ಯವನ್ನೋ, ನವೋದಯದ ಹಿರಿಯರನ್ನೋ, ಹೊರನಾಡ ಕನ್ನಡಿಗರ ಸಮಸ್ಯೆಗಳನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡಿರುವುದು ಆಟದ ಮೈದಾನದ ಒಂದು ಪದ. ವಿಷಯ ಹಗುರವಾಯಿತೆಂದು ಯಾರೂ ಭಾವಿಸಬಾರದು. ಈ ಪದದ ಬೆನ್ನು ಹಿಡಿದು ಹೊರಟರೆ ಅದು ನಮ್ಮನ್ನು ಮೈದಾನದಿಂದ ನ್ಯಾಯಾಲಯಕ್ಕೂ, ಅಲ್ಲಿಂದ ನಾವೆಲ್ಲರೂ ಸ್ವಲ್ಪ ಅಳುಕಿನಿಂದಲೇ ಮಾತನಾಡುವ ಗಡಿಯ ಪ್ರಶ್ನೆಗೂ ಕೊಂಡೊಯ್ಯುತ್ತದೆ.

ಕಲ್ಯಾಣ ಜಂಕ್ಷನ್ನಿನಿಂದ ಕಸಾರಾ ದಿಕ್ಕಿಗೆ ಹೊರಟರೆ ಮೊದಲು ಸಿಗುವ ನಿಲ್ದಾಣ ನಮ್ಮ ಶಹಾಡ್. ಇಲ್ಲಿಂದ ಡೊಂಬಿವಲಿ, ಠಾಣೆಯವರೆಗೆ ಎಲ್ಲಿಯೇ ಕಬಡ್ಡಿ ಪಂದ್ಯಾಟ ನಡೆಯಲಿ, ಅದರ ಫಲಕದ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ: ‘ಪಂಚಾಂಚಾ ನಿರ್ಣಯ ಅಂತಿಮ ರಾಹೀಲ.’ ಪಂಚರ ನಿರ್ಣಯವೇ ಅಂತಿಮ ಎಂದರ್ಥ. ಮರಾಠಿಯವರಿಗೆ ಆತ ‘ಪಂಚ’. ನಮ್ಮ ಮನೆಯ ಮಕ್ಕಳಿಗೆ ‘ಅಂಪೈರ್’. ಕನ್ನಡ ಪತ್ರಿಕೆಗಳ ಕ್ರೀಡಾಪುಟ ಬಿಡಿಸಿದರೆ ಆತ ‘ತೀರ್ಪುಗಾರ’. ಒಬ್ಬನೇ ಮನುಷ್ಯನಿಗೆ ನಮ್ಮ ಸುತ್ತ ಮೂರು ಹೆಸರುಗಳು ಓಡಾಡುತ್ತಿವೆ. ಮೂರೂ ಒಂದೇ ಅರ್ಥವನ್ನು ಹೇಳುತ್ತವೆಯೆ? ನನ್ನ ಉತ್ತರ, ಇಲ್ಲವೆಂದು. ಒಂದೊಂದು ಪದವೂ ನ್ಯಾಯದ ಒಂದೊಂದು ಕಲ್ಪನೆಯನ್ನು ಒಳಗೆ ಬಚ್ಚಿಟ್ಟುಕೊಂಡಿದೆ.

ಮೊದಲು ಅಂಪೈರ್. ಈ ಪದದ ಮೊದಲಲ್ಲಿ ಒಂದು ನಕಾರವಿತ್ತು. ಹಳೆಯ ಫ್ರೆಂಚಿನಲ್ಲಿ ‘ನಾನ್‌ಪೆರ್’ ಎಂಬ ಮಾತಿತ್ತು. ‘ನಾನ್’ ಎಂದರೆ ಅಲ್ಲ. ‘ಪೆರ್’ ಎಂದರೆ ಸಮ, ಸರಿಜೋಡಿ. ಲ್ಯಾಟಿನ್ನಿನ ‘ಪಾರ್’ ಇದರ ಮೂಲ. ಅಂದರೆ ನಾನ್‌ಪೆರ್ ಎಂಬಾತ ಸಮನಲ್ಲದವನು. ಜೋಡಿಯಲ್ಲಿ ಸೇರದೆ ಬೆಸವಾಗಿ ಉಳಿದವನು. ಇಬ್ಬರು ಜಗಳವಾಡುವಾಗ ಇಬ್ಬರಲ್ಲಿ ಯಾರಿಗೂ ಜೋಡಿಯಾಗದ ಮೂರನೆಯವನು. ಮಧ್ಯಯುಗದ ಇಂಗ್ಲಿಷಿನಲ್ಲಿ ಇದು ‘ನೌಂಪೇರ್’ ಎಂದಾಯಿತು. ಇದರ ಹಿಂದೆ ‘ಅ’ ಎಂಬ ಅನಿಶ್ಚಯಾರ್ಥಕ ಪದ ಸೇರಿ ‘ಅ ನೌಂಪೇರ್’ ಎಂದು ಜನ ಹೇಳುತ್ತಿದ್ದರು. ಕೇಳುವ ಕಿವಿಗೆ ಪದದ ಗಡಿ ಎಲ್ಲಿದೆಯೆಂದು ತಿಳಿಯಲಿಲ್ಲ. ನಕಾರ ಹಿಂದಿನ ಪದಕ್ಕೆ ಜಾರಿತು. ‘ಆನ್ ಔಂಪೇರ್’ ಆಯಿತು. ಹೀಗೆ ಪದಚ್ಛೇದದ ಒಂದು ತಪ್ಪಿನಿಂದ ನಮ್ಮ ಇಂದಿನ ಅಂಪೈರ್ ಹುಟ್ಟಿದ. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿ ಬೆಳೆದ ನಮಗೆ, ಪದವನ್ನು ತಪ್ಪಾಗಿ ಒಡೆದರೆ ಅರ್ಥ ಎಲ್ಲಿಗೆ ಹೋಗುತ್ತದೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಂಥ ನಕಾರನಷ್ಟ ಇದೊಂದೇ ಅಲ್ಲ. ಅಡುಗೆಮನೆಯ ‘ಏಪ್ರನ್’ ಮೊದಲು ‘ನೇಪ್ರನ್’ ಆಗಿತ್ತು. ಹಾವಿನ ಜಾತಿಯ ‘ಆ್ಯಡರ್’ ಮೊದಲು ‘ನ್ಯಾಡರ್’. ನಮ್ಮ ದೇಶದ ‘ನಾರಂಗ’ ಪರ್ಷಿಯನ್, ಅರಬ್ಬಿಗಳ ಮೂಲಕ ಪಡುವಣಕ್ಕೆ ಹೋಗಿ, ಇಟಲಿ ಮತ್ತು ಫ್ರಾನ್ಸಿನ ಮಾತುಗಳಲ್ಲಿ ನಕಾರವನ್ನು ಕಳೆದುಕೊಂಡು, ‘ಆರೆಂಜ್’ ಆಗಿ ಇಂಗ್ಲಿಷರೊಡನೆ ನಮ್ಮಲ್ಲಿಗೇ ಮರಳಿ ಬಂತು. ಅದನ್ನು ನಾವು ಹೊರದೇಶದ ಪದವೆಂದು ಬಗೆದು ಬಳಸುತ್ತಿದ್ದೇವೆ.

ಅಂಪೈರನ ಹಳೆಯ ರೂಪ ಕಾಣಿಸಿಕೊಳ್ಳುವ ಒಂದು ಪ್ರಸಿದ್ಧ ಸ್ಥಳ ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕಾವ್ಯ ‘ಪಿಯರ್ಸ್ ಪ್ಲೌಮನ್’. ಅದರ ಕರ್ತೃ ವಿಲಿಯಂ ಲ್ಯಾಂಗ್‌ಲಂಡ್. ಸನ್ನಿವೇಶ ಮೈದಾನದ್ದಲ್ಲ, ಹೆಂಡದಂಗಡಿಯದು. ಜೋಡು ಹೊಲಿಯುವ ಕ್ಲೆಮೆಂಟ್ ತನ್ನ ಮೇಲಂಗಿಯನ್ನೂ, ಕುದುರೆ ನೋಡಿಕೊಳ್ಳುವ ಹಿಕ್ ತನ್ನ ತಲೆಕುಲಾವಿಯನ್ನೂ ಅದಲು ಬದಲು ಮಾಡಿಕೊಳ್ಳಲು ಮುಂದಾಗುತ್ತಾರೆ. ಯಾವುದರ ಬೆಲೆ ಹೆಚ್ಚೆಂದು ಹೇಳಲು ಕೆಲವರನ್ನು ಆರಿಸಲಾಗುತ್ತದೆ. ಅವರಲ್ಲಿ ಒಮ್ಮತ ಮೂಡುವುದಿಲ್ಲ. ಆಗ ಹಗ್ಗ ಹೊಸೆಯುವ ರಾಬಿನ್ ಎಂಬಾತನನ್ನು ‘ನೌಂಪೇರ್’ ಆಗಿ ಹೆಸರಿಸುತ್ತಾರೆ. ಮೇಲಂಗಿ ಹಿಕ್‌ಗೆ, ಕುಲಾವಿ ಕ್ಲೆಮೆಂಟ್‌ಗೆ, ಜೊತೆಗೆ ಒಂದು ಬಟ್ಟಲಿನ ಲೆಕ್ಕ ಎಂದು ತೀರ್ಮಾನವಾಗುತ್ತದೆ. ಇಷ್ಟರಲ್ಲೇ ಮುಗಿಯುವುದಿಲ್ಲ. ಈ ತೀರ್ಮಾನದ ಬಗ್ಗೆ ಮೊದಲು ಯಾರು ಪಶ್ಚಾತ್ತಾಪ ಪಡುತ್ತಾನೋ ಅವನು ಒಂದು ಗ್ಯಾಲನ್ ಮದ್ಯವನ್ನು ದಂಡವಾಗಿ ತೆರಬೇಕೆಂಬ ಕಟ್ಟೂ ಅಲ್ಲಿಯೇ ಆಗುತ್ತದೆ. ಬಂಧುಗಳೆ, ಈ ದಂಡದ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಮುಂದೆ ಬೇಕಾಗುತ್ತದೆ.

‘ರೆಫರಿ’ ಎಂಬುದು ಇದರ ಸೋದರಪದ. ಅದರ ಅರ್ಥ ಸರಳ: ಯಾರ ಮುಂದೆ ವಿಷಯವನ್ನು ಒಪ್ಪಿಸಲಾಗುತ್ತದೋ ಆತ. ಕಾಲ್ಚೆಂಡಿನ ಆರಂಭದ ದಿನಗಳಲ್ಲಿ ಎರಡು ತಂಡಗಳೂ ತಮ್ಮ ತಮ್ಮ ಅಂಪೈರನ್ನು ಕರೆತರುತ್ತಿದ್ದವು. ಇಬ್ಬರೂ ಒಪ್ಪದಿದ್ದಾಗ ವಿಷಯವನ್ನು ಹೊರಗೆ ನಿಂತ ರೆಫರಿಗೆ ಒಪ್ಪಿಸುತ್ತಿದ್ದರು. 1891ರಲ್ಲಿ ರೆಫರಿ ಮೈದಾನದೊಳಗೆ ಬಂದ. ಅಂಪೈರುಗಳು ಗೆರೆಯ ಬದಿಗೆ ಸರಿದು ಲೈನ್ಸ್‌ಮನ್‌ಗಳಾದರು. ನಮ್ಮ ಕಬಡ್ಡಿಯಲ್ಲಿ ಇಂದಿಗೂ ಈ ಹಳೆಯ ಏರ್ಪಾಡು ಕಾಣುತ್ತದೆ. ಅಂಕಣದ ಎರಡು ಬದಿಗೆ ಇಬ್ಬರು ಅಂಪೈರುಗಳು, ಅವರ ಮೇಲೆ ಒಬ್ಬ ರೆಫರಿ. ಇಬ್ಬರಲ್ಲಿ ಭಿನ್ನಾಭಿಪ್ರಾಯ ತಲೆದೋರಿದರೆ ರೆಫರಿಯ ಮಾತೇ ಕೊನೆ. ಸಮಸಂಖ್ಯೆಯವರು ಗಂಟುಬಿದ್ದಾಗ ಬೆಸದವನು ಗಂಟು ಬಿಚ್ಚಬೇಕೆಂಬುದು ಇದರ ತಿರುಳು.

ಇನ್ನು ಮರಾಠಿಯ ಪಂಚ. ಸಂಸ್ಕೃತದ ಐದು ಎಂಬ ಸಂಖ್ಯೆಯೇ ಇಲ್ಲಿ ಮನುಷ್ಯನಾಗಿದೆ. ಊರ ಐವರು ಹಿರಿಯರು ಕೂಡಿ ಹೇಳಿದ್ದು ನ್ಯಾಯ ಎಂಬ ಕಲ್ಪನೆಯಿಂದ ಪಂಚಾಯಿತಿ ಹುಟ್ಟಿತು. ಆಮೇಲೆ ಒಬ್ಬನೇ ಇದ್ದರೂ ಆತ ಪಂಚನಾದ. ಖೋಖೋ ಆಟದಲ್ಲಿ ಮರಾಠಿಯವರು ಅಂಪೈರನ್ನು ಪಂಚ ಎಂದೂ, ರೆಫರಿಯನ್ನು ‘ಸರಪಂಚ’ ಎಂದೂ ಕರೆಯುತ್ತಾರೆ. ಗ್ರಾಮದ ಸರಪಂಚನೂ ಮೈದಾನದ ಸರಪಂಚನೂ ಒಂದೇ ಹೆಸರಿನಲ್ಲಿ ಬಾಳುತ್ತಿದ್ದಾರೆ. ನಮ್ಮ ಕನ್ನಡದಲ್ಲಿ ಇದೇ ಪದ ಬೇರೆ ದಾರಿ ಹಿಡಿಯಿತು. ಪೊಲೀಸರು ಪಂಚನಾಮೆ ಬರೆಯುವಾಗ ಸಹಿ ಹಾಕುವ ಸಾಕ್ಷಿಗಳು ನಮಗೆ ‘ಪಂಚರು’. ಅಲ್ಲಿ ಐವರಿರುವುದಿಲ್ಲ, ಇಬ್ಬರಿದ್ದರೂ ಸಾಕು. ಆದರೆ ಅವರು ಆ ಸ್ಥಳದ ಸ್ವತಂತ್ರ, ಗೌರವಸ್ಥ ನಿವಾಸಿಗಳಾಗಿರಬೇಕೆಂದು ಶೋಧದ ಸಂದರ್ಭದಲ್ಲಿ ಕಾನೂನು ಹೇಳುತ್ತದೆ. ಸಂಖ್ಯೆ ಹೋದರೂ ಗುಣದ ನಿರೀಕ್ಷೆ ಉಳಿಯಿತು.

ಈ ಕಲ್ಪನೆಯ ಬಲ ಎಷ್ಟೆಂಬುದನ್ನು ತಿಳಿಯಲು ಪ್ರೇಮಚಂದರ ‘ಪಂಚ ಪರಮೇಶ್ವರ’ ಕಥೆಯನ್ನು ನೆನೆಯಬೇಕು. 1916ರಲ್ಲಿ ಪ್ರಕಟವಾದ ಈ ಕಥೆಯಲ್ಲಿ ಜುಮ್ಮನ್ ಶೇಖ್ ಮತ್ತು ಅಲಗೂ ಚೌಧರಿ ಜೀವದ ಗೆಳೆಯರು. ಜುಮ್ಮನನಿಗೆ ಆಸ್ತಿ ಬರೆದುಕೊಟ್ಟು ಅನಾದರಕ್ಕೆ ಒಳಗಾದ ಮುದುಕಿ, ಪಂಚಾಯಿತಿ ಸೇರಿಸಿ, ಜುಮ್ಮನನ ಗೆಳೆಯ ಅಲಗೂವನ್ನೇ ಮುಖ್ಯ ಪಂಚನನ್ನಾಗಿ ಆರಿಸುತ್ತಾಳೆ. ಅಲಗೂ ಗೆಳೆಯನ ವಿರುದ್ಧ ತೀರ್ಪು ಕೊಡುತ್ತಾನೆ. ಮುಂದೆ ಅಲಗೂನ ಎತ್ತಿನ ವ್ಯಾಜ್ಯದಲ್ಲಿ, ಈಗ ವೈರಿಯಾಗಿರುವ ಜುಮ್ಮನನೇ ಪಂಚನಾಗಿ ಕುಳಿತು, ಅಲಗೂನ ಪರವಾಗಿ ನ್ಯಾಯ ಹೇಳುತ್ತಾನೆ. ಇಂಗ್ಲಿಷಿನ ನಾನ್‌ಪೆರ್ ಕಲ್ಪನೆಯ ಪ್ರಕಾರ ಇವರಿಬ್ಬರೂ ಅನರ್ಹರು. ಒಬ್ಬ ಗೆಳೆಯ, ಇನ್ನೊಬ್ಬ ವೈರಿ. ಪಂಚನ ಕಲ್ಪನೆಯ ಪ್ರಕಾರ, ಆ ಪೀಠದಲ್ಲಿ ಕುಳಿತವನು ತನ್ನ ಸಂಬಂಧವನ್ನು ಕೆಳಗಿಟ್ಟೇ ಕೂರುತ್ತಾನೆ. ಇದು ಬಹಳ ಎತ್ತರದ ಆದರ್ಶ. ಆದರೆ ಎಲ್ಲ ಊರುಗಳಲ್ಲಿಯೂ ಅಲಗೂ ಸಿಗುವುದಿಲ್ಲವೆಂಬುದು ನಮಗೆಲ್ಲ ಗೊತ್ತಿದೆ.

ಈಗ ನಮ್ಮ ತೀರ್ಪುಗಾರನ ಬಳಿಗೆ ಬರೋಣ. ಇದರ ಬೇರು ‘ತೀರು’ ಎಂಬ ಅಚ್ಚ ದ್ರಾವಿಡ ಧಾತು. ಕನ್ನಡದಲ್ಲಿ ತೀರ್ಪು, ತೆಲುಗಿನಲ್ಲಿ ತೀರ್ಪು, ತಮಿಳಿನಲ್ಲಿ ತೀರ್ಪ್ಪು, ಮಲಯಾಳದಲ್ಲಿಯೂ ಅದೇ. ನಾಲ್ಕು ಮನೆಗಳಲ್ಲಿ ಉಳಿದುಬಂದಿರುವ ಒಂದೇ ಹಿರಿಯರ ಪಾತ್ರೆ ಇದು. ತೀರು ಎಂದರೆ ಮುಗಿ, ಕೊನೆಗಾಣು. ಸಾಲ ತೀರುತ್ತದೆ, ಋಣ ತೀರುತ್ತದೆ, ಹರಕೆ ತೀರಿಸುತ್ತೇವೆ, ಬಾಯಾರಿಕೆ ತೀರುತ್ತದೆ. ಮನುಷ್ಯನೂ ಒಂದು ದಿನ ತೀರಿಕೊಳ್ಳುತ್ತಾನೆ. ಸರ್ಕಾರಕ್ಕೆ ಸಲ್ಲಿಸಿ ಮುಗಿಸಬೇಕಾದದ್ದು ತೀರುವೆ. ಜಗಳವನ್ನು ಮುಗಿಸುವಂಥದು ತೀರ್ಪು. ಅದನ್ನು ಮುಗಿಸುವಾತ ತೀರ್ಪುಗಾರ. ಹಾಡುಗಾರ್ತಿ, ಬರಹಗಾರ್ತಿಯರಂತೆ ತೀರ್ಪುಗಾರ್ತಿಯೂ ನಮ್ಮ ವ್ಯಾಕರಣದಲ್ಲಿ ಸುಲಭವಾಗಿ ಆಗುತ್ತಾಳೆ. 2023ರ ಜನವರಿಯಲ್ಲಿ ರಣಜಿ ಪಂದ್ಯಗಳಲ್ಲಿ ಮೊದಲ ಬಾರಿಗೆ ಮೂವರು ಮಹಿಳೆಯರು ಅಂಪೈರುಗಳಾಗಿ ನಿಂತರು. ಅವರಲ್ಲಿ ವೃಂದಾ ರಾಠಿ ನಮ್ಮ ನೆರೆಯ ನವಿ ಮುಂಬಯಿಯವರು. ಇಂಗ್ಲಿಷಿನವರಿಗೆ ‘ಮಹಿಳಾ’ ಎಂದು ಹಿಂದೆ ಸೇರಿಸಬೇಕಾಯಿತು. ನಮಗೆ ಆ ತೊಂದರೆ ಇರಲಿಲ್ಲ. ಆದರೂ ನಮ್ಮ ಪತ್ರಿಕೆಗಳು ಹೆಚ್ಚಾಗಿ ‘ಮಹಿಳಾ ಅಂಪೈರ್’ ಎಂದೇ ಬರೆಯುತ್ತವೆ.

ಆದುದರಿಂದ ಮೂರು ಪದಗಳ ಸಾರ ಹೀಗೆ. ಅಂಪೈರ್ ಎಂಬುದು ಆತ ಎಲ್ಲಿ ನಿಂತಿದ್ದಾನೆಂಬುದನ್ನು ಹೇಳುತ್ತದೆ. ಪಂಚ ಎಂಬುದು ಆತನ ಹಿಂದೆ ಯಾರಿದ್ದಾರೆ, ಅಂದರೆ ಊರಿನ ಒಪ್ಪಿಗೆ ಇದೆಯೆಂಬುದನ್ನು ಹೇಳುತ್ತದೆ. ತೀರ್ಪುಗಾರ ಎಂಬುದು ಆತನಿಂದ ಏನಾಗಬೇಕೆಂಬುದನ್ನು ಹೇಳುತ್ತದೆ. ನಿಲುವು, ಒಪ್ಪಿಗೆ, ಮುಕ್ತಾಯ. ಈ ಮೂರೂ ಕೂಡಿದಾಗ ಮಾತ್ರ ನ್ಯಾಯ ನಡೆಯುತ್ತದೆ. ಒಂದು ಕಳಚಿದರೂ ವ್ಯಾಜ್ಯ ಮರಳಿ ಎದ್ದು ನಿಲ್ಲುತ್ತದೆ. ಇದನ್ನೇ ನಾನು ಇಂದು ಹೇಳಬೇಕೆಂದಿರುವುದು. ಉಳಿದದ್ದು ಇದರ ವಿಸ್ತಾರ.

ಕಡತಗಳ ನಡುವೆ ಆಯುಷ್ಯ ಕಳೆದ ನನ್ನಂಥವನಿಗೆ ಅಂಪೈರ್ ಪದ ಮೈದಾನಕ್ಕಿಂತ ಹೆಚ್ಚಾಗಿ ಗುತ್ತಿಗೆ ಕರಾರುಗಳಲ್ಲಿ ಪರಿಚಿತ. 1940ರ ಮಧ್ಯಸ್ಥಿಕೆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಒಂದು ಏರ್ಪಾಡಿತ್ತು. ಪಂಚಾಯತಿದಾರರ ಸಂಖ್ಯೆ ಸಮವಾಗಿದ್ದರೆ ಅವರು ಒಂದು ತಿಂಗಳೊಳಗೆ ಒಬ್ಬ ಅಂಪೈರನ್ನು ನೇಮಿಸಬೇಕು. ಅವರಲ್ಲಿ ಒಮ್ಮತವಾಗದಿದ್ದರೆ ಅವರ ಸ್ಥಾನದಲ್ಲಿ ಅಂಪೈರನೇ ಕುಳಿತು ವಿಷಯವನ್ನು ತೀರ್ಮಾನಿಸಬೇಕು. ಹೆಂಡದಂಗಡಿಯ ರಾಬಿನ್‌ನ ಕೆಲಸವೇ ಇದು! 1996ರ ಹೊಸ ಕಾಯಿದೆಯಲ್ಲಿ ಈ ಅಂಪೈರ್ ಕಾಣೆಯಾದ. ಆದರೆ ಅದರ ಹತ್ತನೆಯ ಕಲಮು ನೋಡಿ: ಪಂಚಾಯತಿದಾರರು ಎಷ್ಟು ಮಂದಿ ಎಂಬುದನ್ನು ಉಭಯಪಕ್ಷಗಳೇ ನಿರ್ಧರಿಸಬಹುದು, ಆ ಸಂಖ್ಯೆ ಸಮಸಂಖ್ಯೆಯಾಗಿರಕೂಡದು ಎನ್ನುತ್ತದೆ. ಪದ ಹೋಯಿತು; ಪದದ ಹಳೆಯ ಅರ್ಥ, ನಾನ್‌ಪೆರ್, ಕಾನೂನಿನ ಷರತ್ತಾಗಿ ಉಳಿಯಿತು.

ನಿಲುವಿನ ಪ್ರಶ್ನೆಯೂ ಇಲ್ಲಿ ಕ್ರಮೇಣ ಬಿಗಿಯಾಯಿತು. ಸರ್ಕಾರದ ಕರಾರುಗಳಲ್ಲಿ ಗುತ್ತಿಗೆದಾರನಿಗೂ ಇಲಾಖೆಗೂ ವಿವಾದ ಬಂದರೆ ಅದೇ ಇಲಾಖೆಯ ಅಧಿಕಾರಿಯೇ ಕುಳಿತು ನಿರ್ಣಯಿಸುವ ಪದ್ಧತಿ ಬಹುಕಾಲ ನಡೆದಿತ್ತು. ಆತ ಪ್ರಾಮಾಣಿಕನಿರಬಹುದು, ಪ್ರೇಮಚಂದರ ಅಲಗೂನಂಥವನೇ ಇರಬಹುದು. ಎದುರುಪಕ್ಷ ಅದನ್ನು ನಂಬಬೇಕಲ್ಲ? 2015ರ ತಿದ್ದುಪಡಿಯು ಒಂದು ಪಕ್ಷದ ನೌಕರನು ಪಂಚಾಯತಿದಾರನಾಗಲು ಅನರ್ಹನೆಂದು ಸ್ಪಷ್ಟಪಡಿಸಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು, ಸಾರ್ವಜನಿಕ ಕರಾರುಗಳಲ್ಲಿ ಒಂದು ಪಕ್ಷವೇ ಏಕಪಕ್ಷೀಯವಾಗಿ ಏಕೈಕ ಪಂಚಾಯತಿದಾರನನ್ನು ನೇಮಿಸುವುದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಸಾರಿತು.

ಕ್ರಿಕೆಟ್ ಇದೇ ಪಾಠವನ್ನು ತನ್ನ ದಾರಿಯಲ್ಲಿ ಕಲಿತಿತು. ಆತಿಥೇಯ ದೇಶದವರೇ ಅಂಪೈರುಗಳಾಗಿದ್ದ ಕಾಲದಲ್ಲಿ ಸೋತವರ ಬಾಯಲ್ಲಿ ಅಂಪೈರಿನ ದೂರು ತಪ್ಪುತ್ತಿರಲಿಲ್ಲ. 1986ರ ನವೆಂಬರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ನಡುವೆ ಲಾಹೋರಿನಲ್ಲಿ ನಡೆದ ಟೆಸ್ಟ್ ಪಂದ್ಯಕ್ಕೆ ಪಾಕಿಸ್ತಾನ ಇಬ್ಬರು ಭಾರತೀಯರನ್ನು ಕರೆಸಿತು: ವಿ.ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್. ರಿಪೋರ್ಟರ್ ಅವರು 2023ರಲ್ಲಿ ನಮ್ಮ ಠಾಣೆಯಲ್ಲಿಯೇ ನಿಧನರಾದರು. ಭಾರತ ಮತ್ತು ಪಾಕಿಸ್ತಾನಗಳು ಎದುರುಬದುರಾಗಿ ಆಡುವಾಗ ಇವರಿಬ್ಬರನ್ನು ಯಾವ ಪಾಕಿಸ್ತಾನಿಯೂ ತಟಸ್ಥರೆಂದು ಒಪ್ಪುತ್ತಿರಲಿಲ್ಲ. ಅದೇ ಲಾಹೋರಿನಲ್ಲಿ, ಎದುರಾಳಿ ಬದಲಾದ ಕೂಡಲೇ, ಅವರೇ ಎಲ್ಲರಿಗಿಂತ ನಂಬಿಕೆಗೆ ಅರ್ಹರಾದರು. ಮನುಷ್ಯರು ಅವರೇ, ವಿವಾದ ಬೇರೆ.

ಇದಕ್ಕೆ ಪ್ರತಿಯಾಗಿ 1999ರ ಫೆಬ್ರವರಿ 7ನ್ನು ನೆನೆಯಿರಿ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಮ್ಮ ಅನಿಲ್ ಕುಂಬ್ಳೆ 74 ಓಟಗಳಿಗೆ ಪಾಕಿಸ್ತಾನದ ಹತ್ತೂ ಹುದ್ದರಿಗಳನ್ನು ಕಿತ್ತರು. ಆ ಪಂದ್ಯದ ಇಬ್ಬರು ಅಂಪೈರುಗಳಲ್ಲಿ ಒಬ್ಬರು ಜಮೈಕಾದ ಸ್ಟೀವ್ ಬಕ್ನರ್, ಇನ್ನೊಬ್ಬರು ಬೆಂಗಳೂರಿನ ಎ.ವಿ. ಜಯಪ್ರಕಾಶ್. ಕನ್ನಡಿಗ ಬೌಲರ್, ಕನ್ನಡಿಗ ಅಂಪೈರ್ ಎಂದು ನಾವು ಹಿಗ್ಗಿದೆವು. ಜಯಪ್ರಕಾಶರ ಯೋಗ್ಯತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ನಮ್ಮ ಹಿಗ್ಗಿಗೆ ಕಾರಣವಾದ ಸಂಗತಿಯೇ ಎದುರಿನವನ ಮನಸ್ಸಿನಲ್ಲಿ ಅನುಮಾನಕ್ಕೆ ಕಾರಣವಾಗಬಲ್ಲದು ಎಂಬುದನ್ನು ಅಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದೆವು? 2002ರಿಂದ ಟೆಸ್ಟ್ ಪಂದ್ಯಗಳಿಗೆ ಇಬ್ಬರೂ ಅಂಪೈರುಗಳು ಹೊರದೇಶದವರೇ ಆಗಬೇಕೆಂಬ ನಿಯಮ ಬಂದದ್ದು ಇಂಥ ಅನುಮಾನಕ್ಕೆ ಎಡೆ ಇರಬಾರದೆಂದು. ಕೊರೋನಾ ಕಾಲದಲ್ಲಿ ಅದನ್ನು ಸಡಿಲಿಸಬೇಕಾಯಿತೆಂಬುದು ಬೇರೆ ಮಾತು.

ಇಲ್ಲಿಂದ ನಾನು ಮೊದಲೇ ಸೂಚಿಸಿದ ಕಠಿಣ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ನೌಕರನಿಗೆ ನಡತೆಯ ನಿಯಮಗಳುಂಟು; ನಾನು ಯಾವ ಸರ್ಕಾರವನ್ನೂ ಟೀಕಿಸುತ್ತಿಲ್ಲ. ಇಲ್ಲಿ ಹೇಳುವುದು ಪ್ರಕಟಿತ ಇತಿಹಾಸದ ಸಂಗತಿಗಳನ್ನು ಮಾತ್ರ.

1947ರಲ್ಲಿ ಪಂಜಾಬನ್ನು ಇಬ್ಭಾಗಿಸಲು ನೇಮಿಸಿದ ಗಡಿ ಆಯೋಗದಲ್ಲಿ ನಾಲ್ವರು ನ್ಯಾಯಾಧೀಶರಿದ್ದರು. ದೀನ್ ಮುಹಮ್ಮದ್ ಮತ್ತು ಮುಹಮ್ಮದ್ ಮುನೀರ್ ಒಂದು ಕಡೆ, ಮೆಹರ್ ಚಂದ್ ಮಹಾಜನ್ ಮತ್ತು ತೇಜಾ ಸಿಂಗ್ ಇನ್ನೊಂದು ಕಡೆ. ಎರಡಕ್ಕೆ ಎರಡು, ಸಮಸಂಖ್ಯೆ. ನಿರೀಕ್ಷಿಸಿದಂತೆಯೇ ಒಮ್ಮತ ಮೂಡಲಿಲ್ಲ. ಕೊನೆಗೆ ಅಧ್ಯಕ್ಷ ಸಿರಿಲ್ ರಾಡ್‌ಕ್ಲಿಫ್ ಒಬ್ಬನೇ ಗೆರೆ ಎಳೆದ. ಆತ ಅದಕ್ಕೆ ಮೊದಲು ಭಾರತವನ್ನು ಕಂಡವನೇ ಅಲ್ಲ. ಜುಲೈ ಎಂಟರಂದು ಬಂದ. ಆಗಸ್ಟ್ 17ರಂದು ಗೆರೆ ಪ್ರಕಟವಾಯಿತು. ನಾನ್‌ಪೆರ್ ಎಂಬುದಕ್ಕೆ ಇದಕ್ಕಿಂತ ನಿಖರವಾದ ಉದಾಹರಣೆ ಇಲ್ಲ. ಯಾರಿಗೂ ಸೇರದವನಾದರೆ ಸಾಕು, ವಿಷಯ ತಿಳಿಯಬೇಕಾಗಿಲ್ಲ ಎಂಬ ಹಂತಕ್ಕೆ ಆ ಕಲ್ಪನೆಯನ್ನು ಒಯ್ದರೆ ಏನಾಗುತ್ತದೆಂಬುದಕ್ಕೂ ಅದು ಉದಾಹರಣೆ.

ಆ ನಾಲ್ವರಲ್ಲಿ ಒಬ್ಬರಾದ ಮೆಹರ್ ಚಂದ್ ಮಹಾಜನರು ಮುಂದೆ 1954ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. 1966ರ ಅಕ್ಟೋಬರಿನಲ್ಲಿ ಮೈಸೂರು, ಮಹಾರಾಷ್ಟ್ರ, ಕೇರಳಗಳ ಗಡಿಯ ಪ್ರಶ್ನೆಗೆ ಏಕಸದಸ್ಯ ಆಯೋಗವಾಗಿ ನೇಮಕಗೊಂಡವರು ಅವರೇ. ಲಾಹೋರಿನಲ್ಲಿ ಒಂದು ಪಕ್ಷದ ಸರಿಜೋಡಿಯಾಗಿದ್ದವರು ಬೆಳಗಾವಿಯಲ್ಲಿ ಯಾರಿಗೂ ಜೋಡಿಯಾಗದ ಮೂರನೆಯವರಾದರು. ಇದಕ್ಕೆ ಮೊದಲು 1960ರಲ್ಲಿ ಎರಡೂ ರಾಜ್ಯಗಳಿಂದ ಇಬ್ಬಿಬ್ಬರು ಪ್ರತಿನಿಧಿಗಳನ್ನು ಸೇರಿಸಿ ನಾಲ್ವರ ಸಮಿತಿ ಮಾಡಿದ್ದರು. ಸಮಸಂಖ್ಯೆಯ ಆ ಸಮಿತಿ ಒಂದು ನಿಲುವಿಗೆ ಬರಲಾರದೆ ಮುಗಿದಿತ್ತು. ಆಯೋಗ ಬೇಕೆಂದು ಒತ್ತಾಯಿಸಿದ್ದು ಮಹಾರಾಷ್ಟ್ರ. 1967ರ ಆಗಸ್ಟಿನಲ್ಲಿ ವರದಿ ಬಂತು. ಅದೇ ಡಿಸೆಂಬರಿನಲ್ಲಿ ಮಹಾಜನರು ತೀರಿಕೊಂಡರು. ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕು, ಕೆಲವು ಪ್ರದೇಶ ಮಹಾರಾಷ್ಟ್ರಕ್ಕೆ, ಕೆಲವು ಮೈಸೂರಿಗೆ, ಚಂದ್ರಗಿರಿ ನದಿಯ ಉತ್ತರದ ಕಾಸರಗೋಡು ಮೈಸೂರಿಗೆ ಎಂಬುದು ಶಿಫಾರಸು. ಮೈಸೂರು ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಕಾಸರಗೋಡಿನ ಭಾಗವನ್ನು ಕೇರಳ ಒಪ್ಪಲಿಲ್ಲ. ವರದಿ ಇಂದಿಗೂ ಜಾರಿಯಾಗಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು.

ಹೆಂಡದಂಗಡಿಯ ದಂಡವನ್ನು ಈಗ ನೆನೆಯಿರಿ. ಮೊದಲು ಪಶ್ಚಾತ್ತಾಪ ಪಟ್ಟವನು ಏನು ತೆರಬೇಕೆಂಬುದನ್ನು ಅಲ್ಲಿ ಮೊದಲೇ ಗೊತ್ತುಮಾಡಿದ್ದರು. ನಮ್ಮ ಗಡಿಯ ವಿಷಯದಲ್ಲಿ ಆ ಕಟ್ಟು ಇರಲಿಲ್ಲ. ಕಾನೂನಿನ ದೃಷ್ಟಿಯಿಂದ ಆಯೋಗದ ವರದಿ ಶಿಫಾರಸೇ ಹೊರತು ತೀರ್ಪಲ್ಲ. ಸಂವಿಧಾನದ ಮೂರನೆಯ ಅನುಚ್ಛೇದದಂತೆ ರಾಜ್ಯಗಳ ಎಲ್ಲೆಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ನಿಲುವು ಇತ್ತು. ಒಪ್ಪಿಗೆ ಗಟ್ಟಿಯಿರಲಿಲ್ಲ. ಆದ್ದರಿಂದ ವಿಷಯ ತೀರಲಿಲ್ಲ.

ಇಂಥ ವಿಷಯಗಳು ತೀರುವುದೇ ಇಲ್ಲವೆಂದು ಹೇಳುವಂತಿಲ್ಲ. ಆಂಧ್ರ ಮತ್ತು ಮದರಾಸು ರಾಜ್ಯಗಳ ನಡುವಣ ಗಡಿಯ ತಕರಾರನ್ನು ಬಿಡಿಸಿದವರು ಹರಿ ವಿನಾಯಕ ಪಾಟಸ್ಕರ್. ಹಳ್ಳಿಯನ್ನು ಘಟಕವಾಗಿ ಹಿಡಿಯಬೇಕು, ಪ್ರದೇಶ ಒಂದಕ್ಕೊಂದು ಹೊಂದಿಕೊಂಡಿರಬೇಕು, ಭಾಷಿಕರ ಬಹುಮತ ನೋಡಬೇಕು ಎಂಬ ತತ್ತ್ವಗಳ ಮೇಲೆ ಅವರು ಎಲ್ಲೆ ನಿರ್ಧರಿಸಿದರು. 1959ರಲ್ಲಿ ಸಂಸತ್ತು ಕಾಯಿದೆ ಮಾಡಿತು. 1960ರ ಏಪ್ರಿಲ್ ಒಂದರಿಂದ ಅದು ಜಾರಿಗೆ ಬಂತು. ತಿರುತ್ತಣಿ ಮದರಾಸಿಗೆ ಸೇರಿದ್ದು ಹೀಗೆ. ತೆಲುಗರು ಮತ್ತು ತಮಿಳರ ನಡುವಿನ ಆ ಮೂರನೆಯವರು ಮಹಾರಾಷ್ಟ್ರದವರು ಎಂಬುದನ್ನು ಗಮನಿಸಬೇಕು. ಅವರ ಸೂತ್ರವನ್ನೇ ನಮ್ಮ ಗಡಿಗೂ ಅನ್ವಯಿಸಬೇಕೆಂಬುದು ಮಹಾರಾಷ್ಟ್ರದ ವಾದ. ಮಹಾಜನರದೇ ಕೊನೆಯ ಮಾತೆಂಬುದು ಕರ್ನಾಟಕದ ವಾದ. ಎರಡು ಪಕ್ಷಗಳೂ ತಮಗೆ ಒಗ್ಗುವ ಅಂಪೈರನನ್ನು ಹೊಗಳುತ್ತಿವೆ. ಮಹಾಜನರು ಬೆಳಗಾವಿಯನ್ನು ಆ ಕಡೆಗೆ ಕೊಟ್ಟಿದ್ದರೆ ನಾವು ಇಂದು ಅವರನ್ನು ಇಷ್ಟೇ ಗೌರವದಿಂದ ನೆನೆಯುತ್ತಿದ್ದೆವೆ? ಈ ಪ್ರಶ್ನೆಯನ್ನು ನಾವು ಮನೆಯೊಳಗಾದರೂ ಕೇಳಿಕೊಳ್ಳಬೇಕು.

2022ರ ಡಿಸೆಂಬರಿನಲ್ಲಿ ಏನಾಯಿತೆಂಬುದು ನಿಮಗೆ ನೆನಪಿದೆ. ಬೆಳಗಾವಿಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಊರಿಗೆ ಹೋಗಬೇಕಾದವರು, ಮದುವೆಗೋ ಸಾವಿಗೋ ಹೊರಟವರು ನಿಲ್ದಾಣಗಳಲ್ಲಿ ಚಿಂತೆಯಿಂದ ನಿಂತರು. ಆ ತಿಂಗಳ 14ರಂದು ದೆಹಲಿಯಲ್ಲಿ ಕೇಂದ್ರ ಗೃಹಮಂತ್ರಿಗಳು ಇಬ್ಬರು ಮುಖ್ಯಮಂತ್ರಿಗಳನ್ನೂ ಕೂರಿಸಿ ಮಾತನಾಡಿದರು. ನ್ಯಾಯಾಲಯ ಹೇಳುವವರೆಗೆ ಯಾರೂ ಹಕ್ಕು ಸಾಧಿಸಕೂಡದು, ಪ್ರತಿ ರಾಜ್ಯದಿಂದ ಮೂವರಂತೆ ಆರು ಮಂತ್ರಿಗಳ ಸಮಿತಿ ಇರಬೇಕು ಎಂದು ಗೊತ್ತಾಯಿತು. ಮತ್ತೆ ಸಮಸಂಖ್ಯೆ. ಶಾಂತಿ ಕಾಯಲು ಅದು ಸಾಕಾಗಬಹುದು. ತೀರಿಸಲು ಬೇರೆಯವರೇ ಬೇಕು.

ಹಾಗಾದರೆ ಶಹಾಡ್‌ನಲ್ಲಿ, ಕಲ್ಯಾಣ ಡೊಂಬಿವಲಿಗಳಲ್ಲಿ ನೆಲೆಸಿರುವ ನಾವು ಈ ವಿವಾದದಲ್ಲಿ ಯಾರು? ಅನ್ನ ಇಲ್ಲಿಯದು, ಅಕ್ಷರ ಅಲ್ಲಿಯದು. ಎರಡನ್ನೂ ಬಲ್ಲೆವಾದ್ದರಿಂದ ನಾವು ಒಳ್ಳೆಯ ಅಂಪೈರುಗಳಾಗಬಹುದೆಂದು ನಮ್ಮಲ್ಲಿ ಕೆಲವರು ಭಾಷಣ ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ನಾನ್‌ಪೆರ್ ಎಂದರೆ ಇಬ್ಬರಿಗೂ ಸೇರದವನು. ನಾವು ಇಬ್ಬರಿಗೂ ಸೇರಿದವರು. ಮಹಾಭಾರತದ ಗದಾಯುದ್ಧದಲ್ಲಿ ಬಲರಾಮ ಇಂಥವನೇ. ಭೀಮನಿಗೂ ಗುರು, ದುರ್ಯೋಧನನಿಗೂ ಗುರು. ನಾಭಿಯಿಂದ ಕೆಳಗೆ ಹೊಡೆಯಬಾರದೆಂಬ ನಿಯಮ ಮುರಿದಾಗ ಅಧರ್ಮವಾಯಿತೆಂದು ಸಾರಿ ನೇಗಿಲೆತ್ತಿದ. ಕೃಷ್ಣ ತಡೆದ. ಬಲರಾಮನ ಮಾತು ಸರಿಯಾಗಿತ್ತು, ಆದರೆ ಅದು ಏನನ್ನೂ ತೀರಿಸಲಿಲ್ಲ. ಆತ ಸಿಟ್ಟಿನಿಂದ ದ್ವಾರಕೆಗೆ ಹೊರಟುಹೋದ. ಇಬ್ಬರಿಗೂ ಸೇರಿದವನ ಸಂಕಟ ಇದು.

ಆದರೆ ನಮ್ಮ ಭಾಷೆಯಲ್ಲಿ ಇನ್ನೊಂದು ಪದವಿದೆ: ಮಧ್ಯಸ್ಥ. ಭಗವದ್ಗೀತೆಯ ಆರನೆಯ ಅಧ್ಯಾಯ ಉದಾಸೀನನನ್ನೂ ಮಧ್ಯಸ್ಥನನ್ನೂ ಬೇರೆ ಬೇರೆಯಾಗಿ ಹೆಸರಿಸುತ್ತದೆ. ಶಂಕರರ ಭಾಷ್ಯದ ಪ್ರಕಾರ ಉದಾಸೀನನು ಯಾರ ಪಕ್ಷವನ್ನೂ ಹಿಡಿಯದವನು. ಮಧ್ಯಸ್ಥನು ವಿರೋಧಿಗಳಿಬ್ಬರ ಹಿತವನ್ನೂ ಬಯಸುವವನು. 2023ರ ಮಧ್ಯಸ್ಥಿಕೆ ಕಾಯಿದೆಯೂ ಇದೇ ಭೇದವನ್ನು ಕಾಣುತ್ತದೆ: ಮಧ್ಯಸ್ಥನು ತನ್ನ ನಿರ್ಣಯವನ್ನು ಹೇರುವಂತಿಲ್ಲ, ಇಬ್ಬರೂ ತಾವೇ ಒಂದು ಒಪ್ಪಂದಕ್ಕೆ ಬರಲು ನೆರವಾಗಬೇಕು. ತೀರ್ಪುಗಾರನಿಗೆ ಬೇಕಾದ ದೂರ ನಮಗಿಲ್ಲ; ಮಧ್ಯಸ್ಥನಿಗೆ ಬೇಕಾದ ಹತ್ತಿರ ಇದೆ.

ಇದರಿಂದ ಕೆಲವು ಸಣ್ಣ ಕೆಲಸಗಳು ಹೊರಡುತ್ತವೆ. ಗಡಿಯ ಸುದ್ದಿ ಕಾವೇರಿದಾಗ ಬೆಂಗಳೂರಿನ ಪತ್ರಿಕೆಯ ವಾದವನ್ನು ಮರಾಠಿ ನೆರೆಯವನಿಗೂ, ಇಲ್ಲಿಯ ಪತ್ರಿಕೆಯ ವಾದವನ್ನು ಊರಿನ ನೆಂಟರಿಗೂ ಸರಿಯಾಗಿ ತಿಳಿಸಬಲ್ಲವರು ನಾವು. ಮಹಾಜನ ವರದಿಯನ್ನು ಘೋಷಣೆಯಾಗಿ ಕೂಗುವವರು ಬಹಳ, ಓದಿದವರು ಕಡಿಮೆ. ಅದನ್ನೂ ಪಾಟಸ್ಕರ್ ಸೂತ್ರವನ್ನೂ ಎದುರುಬದುರಾಗಿ ಇಟ್ಟು ಓದುವ ಒಂದು ಗೋಷ್ಠಿಯನ್ನು ಈ ಸಂಘ ಮರಾಠಿ ಮಿತ್ರರನ್ನೂ ಕರೆದು ನಡೆಸಬಹುದು. ಸಂಘ ಸಂಘಗಳ ನಡುವೆ, ಸಂಘದೊಳಗಿನ ಬಣಗಳ ನಡುವೆ ಜಗಳ ಬಂದಾಗಲಾದರೂ ಬೆಸಸಂಖ್ಯೆಯ ಸಮಿತಿ ಮಾಡಿ, ಅದರ ಮಾತಿಗೆ ಬದ್ಧರೆಂದು ಮೊದಲೇ ಸಹಿ ಹಾಕಿ, ಆಮೇಲೆ ಒಪ್ಪಿಸಬಹುದು. ದಂಡವಾಗಿ ಒಂದು ಗ್ಯಾಲನ್ ಮದ್ಯ ಬೇಡ. ಸಭೆಗೆಲ್ಲ ಒಂದು ಸುತ್ತು ಕಾಫಿ ಸಾಕು.

ಕ್ರಿಕೆಟ್ಟಿನ ನಿಯಮಾವಳಿಯಲ್ಲಿ ಒಂದು ಸೊಗಸಾದ ಕಟ್ಟಳೆಯಿದೆ. ಆಟಗಾರ ಔಟಾಗಿದ್ದಾನೆಂದು ಕಣ್ಣಾರೆ ಕಂಡರೂ, ಎದುರಾಳಿ ಕೇಳದ ಹೊರತು ಅಂಪೈರ್ ಬೆರಳೆತ್ತುವಂತಿಲ್ಲ. ಕೇಳುವುದು ಪಕ್ಷಗಳ ಹಕ್ಕು. ಕೇಳಿದ ಮೇಲೆ ಒಪ್ಪಿಕೊಳ್ಳುವುದು ಅವರ ಹೊಣೆ. ಆಟದಲ್ಲಿ ಮಕ್ಕಳೂ ಪಾಲಿಸುವ ಈ ಹೊಣೆಯನ್ನು ರಾಜ್ಯಗಳೂ ಸಂಘಗಳೂ ಪಾಲಿಸುವ ದಿನ ಬಂದರೆ, ತೀರ್ಪು ಎಂಬ ನಮ್ಮ ಪದಕ್ಕೆ ಅದರ ಪೂರ್ಣ ಅರ್ಥ ದೊರೆತೀತು.